ಪೆನ್ ಡ್ರೈವ್: ಬಳಕೆ, ಮಿತಿ ಮತ್ತು ಪರ್ಯಾಯ ಮಾರ್ಗ

ಮನೆಯ ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಕಡತಗಳನ್ನು ಒಯ್ಯಲು ಪೆನ್ ಡ್ರೈವ್ ಸುಲಭವಾದ ಸಾಧನವಾಗಿದೆ. ಆದರೆ ಅನೇಕ ಕುಟುಂಬಗಳಲ್ಲಿ ಅದು ಮಕ್ಕಳ ಅಂಕಪಟ್ಟಿ, ಆಸ್ತಿಪತ್ರಗಳ ಪ್ರತಿ ಹಾಗೂ ಛಾಯಾಚಿತ್ರಗಳ ಏಕೈಕ ಉಗ್ರಾಣವಾಗಿಬಿಟ್ಟಿದೆ. ಅದು ಕೆಟ್ಟರೆ ಅಂಕಪಟ್ಟಿಯ ನಕಲನ್ನು ಮತ್ತೆ ಪಡೆಯಬಹುದು. ಗತಿಸಿದ ಹಿರಿಯರ ಚಿತ್ರವನ್ನು ಪಡೆಯಲಾಗದು. ಆದುದರಿಂದ ಈ ಸಾಧನದ ಮಿತಿಗಳನ್ನು ಅರಿತಿರುವುದು ಅವಶ್ಯಕ.

ರಚನೆ ಮತ್ತು ಕಾರ್ಯವಿಧಾನ

ಪೆನ್ ಡ್ರೈವಿನ ಹೃದಯಭಾಗ ಫ್ಲ್ಯಾಶ್ ಮೆಮೊರಿ ಎಂಬ ಚಿಪ್. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಅವರು 1980ರ ದಶಕದಲ್ಲಿ ಇದನ್ನು ರೂಪಿಸಿದರು. ಗಣಕಯಂತ್ರಕ್ಕೆ ಜೋಡಿಸುವ ಯುಎಸ್‌ಬಿ ಮಾನಕದ ಮೊದಲ ಆವೃತ್ತಿ 1996ರಲ್ಲಿ ಪ್ರಕಟವಾಯಿತು. ವಡೋದರಾದಲ್ಲಿ ಶಿಕ್ಷಣ ಪಡೆದ ಅಜಯ್ ಭಟ್ ಅವರು ಅದನ್ನು ರೂಪಿಸಿದವರಲ್ಲಿ ಪ್ರಮುಖರು. ಇವೆರಡನ್ನೂ ಕೂಡಿಸಿದ ಪೆನ್ ಡ್ರೈವ್ 2000ದಲ್ಲಿ ಮಾರುಕಟ್ಟೆಗೆ ಬಂದಿತು.

ಚಿಪ್ಪಿನ ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಂಶವನ್ನು ಹಿಡಿದಿಡುವ ಮೂಲಕ ಮಾಹಿತಿಯನ್ನು ಸಂಗ್ರಹಿಸಲಾಗುತ್ತದೆ. ಪ್ರತಿ ಬಾರಿ ಅಳಿಸಿ ಬರೆದಾಗಲೂ ಕೋಶದ ನಿರೋಧಕ ಪದರ ಸ್ವಲ್ಪ ಸವೆಯುತ್ತದೆ. ಕೋಶವೊಂದಕ್ಕೆ ಒಂದೇ ಬಿಟ್ ಇರುವ ಚಿಪ್ ಸುಮಾರು 1 ಲಕ್ಷ ಸಲ ಬಾಳಿದರೆ, ಮೂರು ಬಿಟ್ ತುಂಬುವ ಅಗ್ಗದ ಚಿಪ್ 1,000ದಿಂದ ಕೆಲವು ಸಾವಿರ ಸಲ ಮಾತ್ರ ಬಾಳುತ್ತದೆ. ಬಳಸದೆ ವರ್ಷಗಟ್ಟಲೆ ಇಟ್ಟರೂ ವಿದ್ಯುದಂಶ ನಿಧಾನವಾಗಿ ಸೋರಿಹೋಗುತ್ತದೆ. ಶಾಖದಲ್ಲಿ ಈ ಸೋರಿಕೆ ಹೆಚ್ಚು.

ಕೆಡಲು ಇತರ ಕಾರಣಗಳು

ಸವೆತಕ್ಕಿಂತ ಮೊದಲೇ ಬೇರೆ ಕಾರಣಗಳಿಂದ ಪೆನ್ ಡ್ರೈವ್ ಕೆಡುವುದುಂಟು. ಸಿಕ್ಕಿಸಿದ ಸ್ಥಿತಿಯಲ್ಲಿ ಕೈತಾಗಿ ಬಾಗಿದರೆ ಒಳಗಿನ ಬೆಸುಗೆ ಬಿಡುತ್ತದೆ. ನಕಲು ಮುಗಿದಂತೆ ಪರದೆಯಲ್ಲಿ ಕಂಡರೂ ಕೆಲವೊಮ್ಮೆ ಬರವಣಿಗೆ ಇನ್ನೂ ನಡೆಯುತ್ತಿರುತ್ತದೆ. ಆಗ ಕಿತ್ತರೆ ಕಡತಗಳ ಪಟ್ಟಿಯೇ ಹಾಳಾಗಬಹುದು. ಸುರಕ್ಷಿತವಾಗಿ ಹೊರತೆಗೆಯುವ ಆದೇಶವನ್ನು ಮೊದಲು ನೀಡಬೇಕೆಂಬುದು ಇದೇ ಕಾರಣಕ್ಕೆ. ಇದಲ್ಲದೆ, ಇರುವುದಕ್ಕಿಂತ ಹೆಚ್ಚು ಸಾಮರ್ಥ್ಯವನ್ನು ನಮೂದಿಸಿದ ನಕಲಿ ಪೆನ್ ಡ್ರೈವ್‌ಗಳೂ ಮಾರಾಟವಾಗುತ್ತವೆ. ಅವುಗಳಲ್ಲಿ ಸ್ಥಳ ತುಂಬಿದ ನಂತರ ಸೇರಿಸಿದ ಕಡತಗಳು ಉಳಿಯುವುದಿಲ್ಲ.

ಮುನ್ಸೂಚನೆ ಕಂಡಾಗ

ವೇಗ ಕುಂದುವುದು, ಕಡತಗಳ ಹೆಸರು ವಿಕಾರವಾಗುವುದು, ಹೊಸದಾಗಿ ಬರೆಯಲು ನಿರಾಕರಿಸುವುದು, ಫಾರ್ಮ್ಯಾಟ್ ಮಾಡಬೇಕೆ ಎಂಬ ಪ್ರಶ್ನೆ ಮೂಡುವುದು: ಇವು ಕೆಡುಕಿನ ಲಕ್ಷಣಗಳು. ಇಂತಹ ಸಮಯದಲ್ಲಿ ಫಾರ್ಮ್ಯಾಟ್‌ಗೆ ಒಪ್ಪಬಾರದು, ಹೊಸದೇನನ್ನೂ ಬರೆಯಬಾರದು. ಬೇರೊಂದು ಗಣಕಯಂತ್ರದಲ್ಲಿ ಪರೀಕ್ಷಿಸಿ, ಕಡತಗಳು ಕಂಡರೆ ಅತಿ ಮುಖ್ಯವಾದವನ್ನು ಮೊದಲು ನಕಲು ಮಾಡಿಕೊಳ್ಳಬೇಕು. ಕಾಣದಿದ್ದಲ್ಲಿ ಪದೇ ಪದೇ ಪ್ರಯತ್ನಿಸದೆ, ದತ್ತಾಂಶವನ್ನು ಮರಳಿ ಪಡೆಯುವ ತಜ್ಞರ ನೆರವು ಪಡೆಯುವುದು ಉಚಿತ.

ಮನೆಯೊಳಗೆ ಕಡತಗಳ ಹಂಚಿಕೆ

ಒಂದೇ ರೂಟರಿಗೆ ಜೋಡಿಸಿದ ಗಣಕಯಂತ್ರಗಳ ನಡುವೆ ಪೆನ್ ಡ್ರೈವಿನ ಅಗತ್ಯವೇ ಇಲ್ಲ. ವಿಂಡೋಸ್‌ನಲ್ಲಿದ್ದ ಹೋಮ್‌ಗ್ರೂಪ್ ಸೌಲಭ್ಯವನ್ನು 2018ರಲ್ಲಿ ಕೈಬಿಡಲಾಯಿತು. ಆದರೂ ಬೇಕಾದ ಫೋಲ್ಡರನ್ನು ಮಾತ್ರ ಆರಿಸಿ, ನಿರ್ದಿಷ್ಟ ಬಳಕೆದಾರರೊಂದಿಗೆ ಹಂಚಿಕೊಳ್ಳುವ ವ್ಯವಸ್ಥೆ ಇದೆ. ಮನೆಯ ಜಾಲವನ್ನು ಖಾಸಗಿ ಎಂದು ಗುರುತಿಸಬೇಕು, ಬಳಕೆದಾರರಿಗೆ ಪಾಸ್‌ವರ್ಡ್ ಇರಬೇಕು. ಓದಿದರೆ ಸಾಕೆನ್ನುವವರಿಗೆ ಬದಲಾಯಿಸುವ ಅನುಮತಿ ನೀಡಬೇಕಾಗಿಲ್ಲ.

ಇಲ್ಲಿಯೂ ಎಚ್ಚರಿಕೆ ಅಗತ್ಯ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನ್ನಾಕ್ರೈ ಕುತಂತ್ರಾಂಶ, ಕಡತ ಹಂಚಿಕೆಯ ಹಳೆಯ ವಿಧಾನದಲ್ಲಿದ್ದ ದೋಷವನ್ನೇ ಬಳಸಿಕೊಂಡಿತು. ಆ ದೋಷಕ್ಕೆ ಪರಿಹಾರ ಎರಡು ತಿಂಗಳ ಹಿಂದೆಯೇ ಬಿಡುಗಡೆಯಾಗಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ತುತ್ತಾದವು. ಪೆನ್ ಡ್ರೈವ್ ಮೂಲಕವೂ ವೈರಸ್‌ಗಳು ಹರಡುತ್ತವೆ. ಇಂತಹ ಸೋಂಕುಗಳ ನಿವಾರಣೆಗಾಗಿ ಕೇಂದ್ರ ಸರ್ಕಾರವು 2017ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರವನ್ನು ಆರಂಭಿಸಿತು.

ಹಂಚಿಕೊಂಡ ಫೋಲ್ಡರ್ ಪ್ರತ್ಯೇಕ ಪ್ರತಿಯಲ್ಲ ಎಂಬುದನ್ನು ಮರೆಯಬಾರದು: ಒಬ್ಬರು ಅಳಿಸಿದರೆ ಎಲ್ಲರಿಗೂ ಅಳಿದಂತೆಯೇ. ಮುಖ್ಯ ಕಡತಗಳಿಗೆ ಬೇರೆ ಬೇರೆ ಸಾಧನಗಳಲ್ಲಿ ಕನಿಷ್ಠ ಎರಡು ಪ್ರತಿಗಳಿರಲಿ, ಒಂದು ಪ್ರತಿ ಮನೆಯ ಹೊರಗಿರಲಿ. ವರ್ಷಕ್ಕೊಮ್ಮೆಯಾದರೂ ಅವನ್ನು ತೆರೆದು ನೋಡಿದಲ್ಲಿ, ಕುಟುಂಬದ ನೆನಪುಗಳು ಮುಂದಿನ ಪೀಳಿಗೆಗೂ ತಲುಪಬಲ್ಲವು.