ಬ್ರೇಕಿಗೆ ಬಣ್ಣ ಹಚ್ಚುವ ಬಗೆ

ಕಳೆದ ವರ್ಷ ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ದಿನ, ಹತ್ತನೆಯ ತರಗತಿಯ ಹುಡುಗನೊಬ್ಬನು ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬಂದನು. ವಿಚಾರಿಸಲಾಗಿ ತಿಳಿದ ಸಂಗತಿ ಇದು. ಹಬ್ಬಕ್ಕೆಂದು ಅವನು ತನ್ನ ಅಣ್ಣನ ಮೋಟಾರ್ ಸೈಕಲ್ಲಿನ ಮುಂದಿನ ಬ್ರೇಕಿಗೆ ಸ್ಪ್ರೇ ಡಬ್ಬಿಯಿಂದ ಕೆಂಪು ಬಣ್ಣ ಹೊಡೆದಿದ್ದನು. ಬಣ್ಣವೇನೋ ಅಂದವಾಗಿ ಕುಳಿತಿತ್ತು. ಆದರೆ ಅದು ಪಕ್ಕದ ಉಕ್ಕಿನ ತಟ್ಟೆಯ ಮೇಲೂ ಬಿದ್ದಿತ್ತು. ಅಣ್ಣನ ಹಿಂದೆ ಕುಳಿತು ಗಲ್ಲಿಯ ತಿರುವಿಗೆ ಬಂದಾಗ ಬ್ರೇಕು ಸರಿಯಾಗಿ ಹಿಡಿಯಲಿಲ್ಲ. ಗಾಡಿ ಗೋಡೆಗೆ ತಗುಲಿತು. ವೇಗ ಕಡಮೆಯಿದ್ದುದರಿಂದ ಇಬ್ಬರೂ ಸಣ್ಣ ಗಾಯಗಳೊಡನೆ ಪಾರಾದರು.

"ಸರ್, ಇಂಗ್ಲೆಂಡಿನಲ್ಲಿ ಮನೆಯಲ್ಲೇ ಕಾರು ಕಟ್ಟುವವರು ಬ್ರೇಕಿಗೆ ಬಣ್ಣ ಹಚ್ಚುತ್ತಾರಲ್ಲ, ಅವರಿಗೇಕೆ ಹೀಗಾಗುವುದಿಲ್ಲ?" ಎಂದು ಅವನು ನನ್ನನ್ನು ಕೇಳಿದನು.

ಪ್ರಶ್ನೆ ಒಳ್ಳೆಯದು. ಆದರೆ ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತು ಈ ಮುಂಬಯಿಗೆ ಬಂದ ಅಧ್ಯಾಪಕ. ಆದುದರಿಂದ ಒಂದಿಷ್ಟು ಓದಿ ನೋಡಿದೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಪೌಡರ್ ಕೋಟಿಂಗ್ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾನೆ. ಅವನಲ್ಲಿಗೆ ಹೋಗಿ ಕಣ್ಣಾರೆ ಕಂಡೂ ಬಂದೆ. ತಿಳಿದುದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಮನೆಯಲ್ಲಿ ಕಟ್ಟುವ ಕಾರಿನ ವಿಚಾರ. ಬಿಡಿಭಾಗಗಳ ರೂಪದಲ್ಲಿ ಕೊಂಡು, ಕೊಂಡವನೇ ಜೋಡಿಸಿಕೊಳ್ಳುವ ಕಾರಿಗೆ ಕಿಟ್ ಕಾರ್ ಎಂದು ಹೆಸರು. ಈ ಹವ್ಯಾಸವು ಬ್ರಿಟನ್ನಿನಲ್ಲಿ ವಿಶೇಷವಾಗಿ ಬೆಳೆಯಿತು. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸಂಸ್ಥೆಯು 'ಲೋಟಸ್ ಸೆವೆನ್' ಎಂಬ ಹಗುರವಾದ ಚಿಕ್ಕ ಕಾರನ್ನು ಹೊರತಂದಿತು. ಆಗ ಅಲ್ಲಿ ಸಿದ್ಧ ಕಾರನ್ನು ಕೊಂಡರೆ ಖರೀದಿ ತೆರಿಗೆ ಕೊಡಬೇಕಾಗಿತ್ತು. ಬಿಡಿಭಾಗಗಳಾಗಿ ಕೊಂಡರೆ ಆ ತೆರಿಗೆ ತಪ್ಪುತ್ತಿತ್ತು. 1973ರಲ್ಲಿ ಆ ತೆರಿಗೆಯ ಪದ್ಧತಿಯೇ ಬದಲಾಯಿತು. ಅದೇ ವರ್ಷ ಸೆವೆನ್ ಕಾರನ್ನು ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಸೇರಿತು. ತೆರಿಗೆಯ ಲಾಭ ಹೋದರೂ ಕಟ್ಟುವ ಆಸೆ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬವರು ಕೇವಲ 250 ಪೌಂಡುಗಳಲ್ಲಿ ಇಂಥ ಕಾರನ್ನು ಕಟ್ಟಬಹುದೆಂದು ಪುಸ್ತಕವನ್ನೇ ಬರೆದರು. ಹಳೆಯ ಫೋರ್ಡ್ ಎಸ್ಕಾರ್ಟ್ ಕಾರಿನಿಂದ ಇಂಜಿನ್, ಬ್ರೇಕು ಮುಂತಾದವನ್ನು ಬಿಚ್ಚಿಕೊಂಡು ಬಳಸುವುದು ಅವರ ಉಪಾಯ.

ಹೀಗೆ ಹಳೆಯ ಕಾರಿನಿಂದ ತೆಗೆದ ಬ್ರೇಕಿಗೆ ತುಕ್ಕು ಹಿಡಿದಿರುವುದು ಸಹಜ. ಮೇಲಾಗಿ ಸೆವೆನ್ ಮಾದರಿಯ ಕಾರುಗಳ ಮುಂದಿನ ಚಕ್ರಗಳು ಮೈಯಿಂದ ಹೊರಗೇ ಇರುತ್ತವೆ. ಬ್ರೇಕು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದುದರಿಂದ ತುಕ್ಕನ್ನು ತಡೆಯಲೂ ಅಂದಕ್ಕೂ ಅವರು ಬಣ್ಣ ಹಚ್ಚುತ್ತಾರೆ.

ಬಣ್ಣ ಎಲ್ಲಿ ಬೀಳಬಹುದು, ಎಲ್ಲಿ ಬೀಳಬಾರದು ಎಂಬುದು ತಿಳಿಯಬೇಕಾದರೆ ಬ್ರೇಕು ಕೆಲಸಮಾಡುವ ರೀತಿ ತಿಳಿದಿರಬೇಕು. ಚಕ್ರದೊಡನೆ ತಿರುಗುವ ಲೋಹದ ತಟ್ಟೆಗೆ ಡಿಸ್ಕ್ ಎನ್ನುತ್ತಾರೆ. ಅದನ್ನು ಎರಡೂ ಕಡೆಯಿಂದ ಇಕ್ಕಳದಂತೆ ಹಿಡಿಯುವ ಸಾಧನವೇ ಕ್ಯಾಲಿಪರ್. ಚಾಲಕನು ಪೆಡಲನ್ನು ತುಳಿದಾಗ ಕೊಳವೆಯಲ್ಲಿರುವ ಬ್ರೇಕ್ ಆಯಿಲ್ ಮೇಲೆ ಒತ್ತಡ ಬೀಳುತ್ತದೆ. ಈ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ಪಾಸ್ಕಲನ ನಿಯಮವನ್ನು ನೀವು ಓದಿದ್ದೀರಿ. ಆ ಒತ್ತಡದಿಂದ ಕ್ಯಾಲಿಪರಿನೊಳಗಿನ ಪಿಸ್ಟನ್ ಮುಂದೆ ಸರಿದು, ಪ್ಯಾಡುಗಳನ್ನು ತಟ್ಟೆಗೆ ಒತ್ತುತ್ತದೆ. ಉಜ್ಜುವಿಕೆಯಿಂದ ಚಕ್ರ ನಿಲ್ಲುತ್ತದೆ.

ಕಾಲು ತೆಗೆದಾಗ ಪಿಸ್ಟನ್ ಹಿಂದೆ ಸರಿಯುವುದು ಹೇಗೆ? ಅಲ್ಲಿ ಸ್ಪ್ರಿಂಗು ಇಲ್ಲ. ಪಿಸ್ಟನ್ನಿನ ಸುತ್ತ, ಕ್ಯಾಲಿಪರಿನಲ್ಲಿ ಕೊರೆದ ಒಂದು ಕಾಲುವೆಯಲ್ಲಿ, ಚೌಕ ಅಂಚಿನ ರಬ್ಬರು ಉಂಗುರವಿರುತ್ತದೆ. ಪಿಸ್ಟನ್ ಮುಂದೆ ಹೋಗುವಾಗ ಉಂಗುರವು ಸ್ವಲ್ಪ ತಿರುಚಿಕೊಳ್ಳುತ್ತದೆ. ಒತ್ತಡ ತಗ್ಗಿದೊಡನೆ ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನೂ ಹಿಂದಕ್ಕೆಳೆಯುತ್ತದೆ. ಆಯಿಲ್ ಹೊರಗೆ ಸೋರದಂತೆ ತಡೆಯುವುದೂ ಅದೇ ಉಂಗುರ. ಇಷ್ಟು ಸಣ್ಣ ಕಾಲುವೆಯೊಳಗೆ ಬಣ್ಣ ಸೇರಿದರೆ ಉಂಗುರ ಸರಿಯಾಗಿ ಕೂಡುವುದಿಲ್ಲ. ಆಗ ಆಯಿಲ್ ಸೋರಬಹುದು, ಇಲ್ಲವೆ ಬ್ರೇಕು ಬಿಡದೆ ಎಳೆಯುತ್ತಲೇ ಇರಬಹುದು.

ಹೀಗೆ ಬಣ್ಣ ಬೀಳಬಾರದ ಜಾಗಗಳು ಹಲವು. ಪಿಸ್ಟನ್ ಓಡಾಡುವ ರಂಧ್ರ, ರಬ್ಬರಿನ ಕಾಲುವೆ, ಪ್ಯಾಡುಗಳು ಜಾರುವ ಅಂಚು, ಬೋಲ್ಟುಗಳ ಮರೆಗಳು, ಕೊಳವೆ ಬಂದು ಕೂಡುವ ಮುಖ, ಗಾಳಿ ತೆಗೆಯುವ ನಿಪ್ಪಲ್, ಕ್ಯಾಲಿಪರು ಕಾರಿಗೆ ತಾಗಿ ಕೂಡುವ ಮುಖ - ಇವೆಲ್ಲ ಬರಿಯ ಲೋಹವಾಗಿಯೇ ಇರಬೇಕು. ಬೋಲ್ಟಿನ ಅಡಿಯಲ್ಲಿ ದಪ್ಪನಾದ ಬಣ್ಣವಿದ್ದರೆ ಅದು ಕಾಲಕ್ರಮದಲ್ಲಿ ಅಮರಿ ಬೋಲ್ಟು ಸಡಿಲವಾಗಬಹುದು. ಇನ್ನು ಡಿಸ್ಕ್ ಮತ್ತು ಪ್ಯಾಡುಗಳ ಉಜ್ಜುವ ಮುಖಗಳಂತೂ ಬಣ್ಣವನ್ನು ಕಾಣಲೇಬಾರದು. ನಮ್ಮ ಹುಡುಗನ ಗಾಡಿ ಗೋಡೆಗೆ ತಗುಲಿದುದು ಈ ಒಂದು ತಪ್ಪಿನಿಂದಲೇ.

ಈಗ ಬಣ್ಣ ಹಚ್ಚುವ ಎರಡು ವಿಧಾನಗಳನ್ನು ನೋಡೋಣ.

ಮೊದಲನೆಯದು ಕುಂಚದಿಂದ ಬಳಿಯುವುದು. ಕ್ಯಾಲಿಪರನ್ನು ಡಿಸ್ಕಿನಿಂದ ಬಿಚ್ಚಿ, ಪ್ಯಾಡುಗಳನ್ನು ತೆಗೆದು, ಹಳೆಯ ಜಿಡ್ಡನ್ನೂ ತುಕ್ಕನ್ನೂ ತಂತಿಯ ಬ್ರಷ್ಷಿನಿಂದಲೂ ಕ್ಲೀನರಿನಿಂದಲೂ ತೆಗೆಯುತ್ತಾರೆ. ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಳೆಯ ಕಾರುಗಳ ಬ್ರೇಕ್ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಘಾತಕ. ಬ್ರಿಟನ್ನಿನಲ್ಲಿ 1999ರಲ್ಲಿ ಅದನ್ನು ನಿಷೇಧಿಸಿದರು. ಆದುದರಿಂದ ಒಣಧೂಳನ್ನು ಊದಬಾರದು, ಒಣಗಿರುವಾಗ ಉಜ್ಜಲೂಬಾರದು. ಒದ್ದೆಮಾಡಿ ಒರೆಸಿ ತೆಗೆಯಬೇಕು. ಬಳಿಕ ಬಣ್ಣ ಬೀಳಬಾರದ ಜಾಗಗಳಿಗೆ ಟೇಪು ಅಂಟಿಸಿ, ಶಾಖವನ್ನು ತಾಳುವ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಬಳಿಯುತ್ತಾರೆ. ಅಂಗಡಿಯಲ್ಲಿ ಕಿಟಕಿಗೆಂದು ಸಿಗುವ ಎನಾಮಲ್ ಇದಕ್ಕೆ ಬಾರದು. ಅದು ಶಾಖಕ್ಕೆ ಮೆತ್ತಗಾಗುತ್ತದೆ; ಸಾಮಾನ್ಯ ಬ್ರೇಕ್ ಆಯಿಲ್ ತಗುಲಿದರೆ ಸುಲಿದೇಹೋಗುತ್ತದೆ. ಆಯಿಲ್ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಬೇಕು.

ಎರಡನೆಯದು ಪೌಡರ್ ಕೋಟಿಂಗ್. ಪುಡಿಯಿಂದ ಲೋಹಕ್ಕೆ ಲೇಪ ಕೊಡುವ ವಿದ್ಯೆಯು 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಎಂಬವರ ಕೆಲಸದಿಂದ ರೂಪಗೊಂಡಿತು. ಅವರು ಬಿಸಿಮಾಡಿದ ಲೋಹವನ್ನು ಗಾಳಿಯಿಂದ ತೇಲಾಡುವ ಪುಡಿಯಲ್ಲಿ ಅದ್ದುತ್ತಿದ್ದರು. ಪುಡಿಗೆ ವಿದ್ಯುತ್ತು ಕೊಟ್ಟು ಸಿಂಪಡಿಸುವ ಕ್ರಮವು ಮುಂದೆ ಬಳಕೆಗೆ ಬಂದಿತು. ಕೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವುದನ್ನು ನೀವು ಬಲ್ಲಿರಷ್ಟೆ. ಇಲ್ಲಿಯೂ ಅದೇ ತತ್ತ್ವ. ಸಿಂಪಡಿಸುವ ಗನ್ನಿನಲ್ಲಿ ಬಣ್ಣದ ಪುಡಿಗೆ ವಿದ್ಯುದಾವೇಶ ಕೊಡುತ್ತಾರೆ. ಲೋಹಕ್ಕೆ ಅರ್ತಿಂಗ್ ಇರುತ್ತದೆ. ಪುಡಿಯು ತಾನಾಗಿ ಹೋಗಿ ಲೋಹವನ್ನು ಹಿಡಿದುಕೊಳ್ಳುತ್ತದೆ. ಅನಂತರ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಹತ್ತಿಪ್ಪತ್ತು ನಿಮಿಷ ಇಡುತ್ತಾರೆ. ಪುಡಿ ಕರಗಿ, ಹರಡಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಕಾವಲಿಯ ಮೇಲೆ ಬೆಂದ ದೋಸೆ ಹೇಗೆ ಮತ್ತೆ ಹಿಟ್ಟಾಗದೋ ಹಾಗೆ ಈ ಲೇಪವೂ ಮತ್ತೆ ಕರಗುವುದಿಲ್ಲ. ಇದು ಕುಂಚದ ಬಣ್ಣಕ್ಕಿಂತ ಗಟ್ಟಿ. ಕಲ್ಲು ಸಿಡಿದು ತಾಗಿದರೂ ಸುಲಭವಾಗಿ ಏಳದು.

ಆದರೆ ಆ ಒಲೆಯ ಶಾಖದಲ್ಲಿ ರಬ್ಬರು ಹಾಳಾಗುತ್ತದೆ. ಆದುದರಿಂದ ಪೌಡರ್ ಕೋಟಿಂಗಿಗೆ ಕ್ಯಾಲಿಪರನ್ನು ಪೂರ್ತಿಯಾಗಿ ಬಿಚ್ಚಲೇಬೇಕು. ಪಿಸ್ಟನ್ನನ್ನು ಹೊರತೆಗೆಯಲು ಗಾಳಿಯ ಒತ್ತಡವನ್ನು ಬಳಸುವುದುಂಟು. ಆಗ ಅದು ಗುಂಡಿನಂತೆ ಹಾರಿ ಬೆರಳನ್ನು ಜಜ್ಜಬಹುದು. ಅದಕ್ಕಾಗಿ ಎದುರಿಗೆ ಮರದ ತುಂಡನ್ನಿಟ್ಟು, ಬೆರಳನ್ನು ದೂರವಿಡುತ್ತಾರೆ. ತುಕ್ಕನ್ನು ಬ್ಲಾಸ್ಟಿಂಗ್ ಮಾಡಿ ತೆಗೆಯುವಾಗ ಆಯಿಲ್ ಹರಿಯುವ ರಂಧ್ರಗಳಿಗೆ ಬಿರಡೆ ಹಾಕುತ್ತಾರೆ. ಒಂದು ಮರಳಿನ ಕಣ ಒಳಗೆ ಉಳಿದರೂ ಅಪಾಯವೇ. ಎರಕದ ಕಬ್ಬಿಣದ ಸೂಕ್ಷ್ಮ ರಂಧ್ರಗಳಲ್ಲಿ ಹಳೆಯ ಎಣ್ಣೆ ಅವಿತಿರುತ್ತದೆ. ಅದು ಒಲೆಯಲ್ಲಿ ಆವಿಯಾಗಿ ಬಣ್ಣದಲ್ಲಿ ಗುಳ್ಳೆ ಏಳಿಸದಂತೆ, ಪುಡಿ ಹಾಕುವ ಮೊದಲೇ ಬರಿಯ ಕ್ಯಾಲಿಪರನ್ನು ಒಮ್ಮೆ ಕಾಯಿಸುತ್ತಾರೆ.

ದಪ್ಪದ ಲೆಕ್ಕವನ್ನೂ ಮರೆಯಬಾರದು. ಈ ಲೇಪವು ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪವಿರುತ್ತದೆ. ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರು. ಅಂದರೆ ಇದು ಹೆಚ್ಚೆಂದರೆ ನಿಮ್ಮ ನೋಟುಬುಕ್ಕಿನ ಒಂದು ಹಾಳೆಯಷ್ಟು. ಇಷ್ಟರಿಂದ ಏನಾದೀತು ಎನ್ನುವಿರಾ? ಪ್ಯಾಡು ಜಾರುವ ಎರಡೂ ಅಂಚಿಗೆ ಒಂದೊಂದು ಹಾಳೆಯನ್ನು ತುರುಕಿದಂತೆ ಎಣಿಸಿರಿ. ಪ್ಯಾಡು ಸಿಕ್ಕಿಕೊಂಡು ತಟ್ಟೆಯನ್ನು ಬಿಡುವುದಿಲ್ಲ. ಎಡೆಬಿಡದೆ ಉಜ್ಜಿ ಬ್ರೇಕು ಕಾಯುತ್ತದೆ. ಕಾದು ಕಾದು ಒಳಗಿನ ಆಯಿಲ್ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ದ್ರವದಂತೆ ಆವಿಯು ಒತ್ತಡವನ್ನು ಸಾಗಿಸದು, ಅದು ಕುಗ್ಗುತ್ತದೆ. ಆಗ ಪೆಡಲು ತಳಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲದು.

ಬಣ್ಣವಾದ ಮೇಲೆ ಹಳೆಯ ರಬ್ಬರುಗಳನ್ನು ಬಿಸುಟು ಹೊಸವನ್ನು ಹಾಕುತ್ತಾರೆ. ಪಿಸ್ಟನ್ ಕೂರಿಸುವಾಗ ಶುದ್ಧ ಬ್ರೇಕ್ ಆಯಿಲನ್ನೇ ಸವರುತ್ತಾರೆ. ಇಂಜಿನ್ ಎಣ್ಣೆ ಸವರಿದರೆ ರಬ್ಬರು ಊದಿಕೊಳ್ಳುತ್ತದೆ. ಬಳಿಕ ಕೊಳವೆಗಳಿಂದ ಗಾಳಿಯನ್ನು ಪೂರ್ತಿಯಾಗಿ ತೆಗೆದು, ಪೆಡಲನ್ನು ಬಲವಾಗಿ ಒತ್ತಿ ಹಿಡಿದು, ಎಲ್ಲಾದರೂ ಜಿನುಗುವುದೇ ಎಂದು ನೋಡುತ್ತಾರೆ. ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ನಿಲ್ಲಿಸಿ ಪರೀಕ್ಷಿಸುತ್ತಾರೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಹೊಸ ಕಾರು ರಸ್ತೆಗಿಳಿಯುವ ಮೊದಲು ಸರ್ಕಾರದ ಪರೀಕ್ಷೆಯಲ್ಲಿಯೂ ಗೆಲ್ಲಬೇಕು. ಅಲ್ಲಿ ಬ್ರೇಕಿನ ಬಣ್ಣವನ್ನು ಕೇಳುವುದಿಲ್ಲ, ಅದು ನಿಲ್ಲಿಸುವ ಬಲವನ್ನು ಅಳೆಯುತ್ತಾರೆ.

ಹುಡುಗನ ಪ್ರಶ್ನೆಗೆ ಉತ್ತರ ಇಷ್ಟು. ಅವರೂ ಬಣ್ಣ ಹಚ್ಚುತ್ತಾರೆ. ಆದರೆ ಒಂದು ಗಂಟೆ ಬಣ್ಣ ಹಚ್ಚಲು, ಬಿಚ್ಚಿ ತೊಳೆದು ಮುಚ್ಚಿ ಮತ್ತೆ ಜೋಡಿಸಲು ಹಲವು ಗಂಟೆ ಕೆಲಸಮಾಡುತ್ತಾರೆ.

ನನ್ನ ಊರಿನಲ್ಲಿ ಕಾರಹುಣ್ಣಿಮೆಯ ದಿನ ಎತ್ತುಗಳ ಕೊಂಬಿಗೆ ಬಣ್ಣ ಬಳಿಯುತ್ತಿದ್ದರು. ಚಿಕ್ಕವನಿದ್ದಾಗ ನಾನು ಉಳಿದ ಬಣ್ಣವನ್ನು ಗಾಡಿಯ ಅಚ್ಚಿಗೂ ಬಳಿಯಲು ಹೋದೆನು. ತಂದೆಯವರು ಕೈ ಹಿಡಿದು, "ಕೊಂಬಿಗೆ ಬಣ್ಣ, ಅಚ್ಚಿಗೆ ಎಣ್ಣೆ" ಎಂದರು. ಆಗ ಅದರ ಅರ್ಥ ನನಗೆ ಅಷ್ಟಾಗಿ ಆಗಿರಲಿಲ್ಲ.

ಆ ಹುಡುಗನ ಕೈ ಈಗ ವಾಸಿಯಾಗಿದೆ. ಅಣ್ಣತಮ್ಮಂದಿರಿಬ್ಬರೂ ಗ್ಯಾರೇಜಿಗೆ ಹೋಗಿ ಡಿಸ್ಕನ್ನು ಚೊಕ್ಕಟ ಮಾಡಿಸಿ ಹೊಸ ಪ್ಯಾಡು ಹಾಕಿಸಿದರಂತೆ. ನೀವೂ ನಿಮ್ಮ ಕೈಯಿಂದ ಏನನ್ನಾದರೂ ಮಾಡಿರಿ, ಬಿಚ್ಚಿರಿ, ಬಣ್ಣ ಹಚ್ಚಿರಿ. ಬೇಡವೆಂದು ನಾನು ಹೇಳಲಾರೆ. ಆದರೆ ಬ್ರೇಕಿನ ತಂಟೆಗೆ ಹೋಗುವಾಗ ಬಲ್ಲವರೊಬ್ಬರನ್ನು ಪಕ್ಕದಲ್ಲಿಟ್ಟುಕೊಳ್ಳಿರಿ. ಆ ಗಾಡಿಯ ಮೇಲೆ ನಾಳೆ ಕುಳಿತುಕೊಳ್ಳುವವರು ನಿಮ್ಮ ಮನೆಯವರೇ.