ಓಡುತ್ತ, ನಡೆಯುತ್ತ ಗುರಿ ಸೇರುವವರು

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್. ಈ ಅಂಕಿಯನ್ನು ಕೇಳಿದೊಡನೆ ‘ಅದು ನಮ್ಮಂಥವರಿಗಲ್ಲ’ ಎಂದು ಹಿಂಜರಿಯುವವರೇ ಹೆಚ್ಚು. ಆದರೆ ದೊಡ್ಡ ನಗರಗಳ ಮ್ಯಾರಥಾನ್‌ಗಳಲ್ಲಿ ಪಾಲ್ಗೊಳ್ಳುವ ಬಹುಪಾಲು ಜನರು ಪದಕದ ಆಸೆಯಿಂದ ಬಂದವರಲ್ಲ. ಗೃಹಿಣಿಯರು, ಗುಮಾಸ್ತರು, ಅಧ್ಯಾಪಕರು, ನಿವೃತ್ತರು ಅವರಲ್ಲಿ ಸೇರಿರುತ್ತಾರೆ. ಅನೇಕರು ರೋಗಿಗಳ, ಅನಾಥ ಮಕ್ಕಳ, ಬಡ ವಿದ್ಯಾರ್ಥಿಗಳ ನೆರವಿಗಾಗಿ ಬಂಧುಮಿತ್ರರಿಂದ ದೇಣಿಗೆ ಸಂಗ್ರಹಿಸಿ ಓಡುತ್ತಾರೆ.

ಅಮೆರಿಕದ ಬ್ರೂಸ್ ಕ್ಲೆಲ್ಯಾಂಡ್ ಎಂಬವರ ಪುಟ್ಟ ಮಗಳು ರಕ್ತದ ಕ್ಯಾನ್ಸರಿಗೆ ತುತ್ತಾಗಿದ್ದಳು. ಆಕೆಯ ಹೆಸರಿನಲ್ಲಿ ಅವರು 38 ಮಂದಿಯ ತಂಡವೊಂದನ್ನು ಕಟ್ಟಿ, 1988ರ ನ್ಯೂಯಾರ್ಕ್ ಮ್ಯಾರಥಾನ್‌ನಲ್ಲಿ ಓಡಿಸಿದರು. ಆ ರೋಗದ ಸಂಶೋಧನೆಗೆಂದು ತಂಡವು ಕೂಡಿಸಿದ ಹಣ 3,22,000 ಡಾಲರ್. ‘ಟೀಮ್ ಇನ್ ಟ್ರೈನಿಂಗ್’ ಎಂಬ ದೊಡ್ಡ ಸೇವಾಕಾರ್ಯ ಬೆಳೆದದ್ದು ಈ ಬೀಜದಿಂದಲೇ. ನಮ್ಮ ದೇಶದಲ್ಲಿಯೂ 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನ್ ಮತ್ತು 2008ರಲ್ಲಿ ಆರಂಭವಾದ ಬೆಂಗಳೂರಿನ ‘ವರ್ಲ್ಡ್ 10ಕೆ’ ಓಟಗಳು ಸೇವಾಸಂಸ್ಥೆಗಳಿಗೆ ನಿಧಿ ಕೂಡಿಸುವ ವೇದಿಕೆಗಳಾಗಿವೆ.

ದೇಣಿಗೆ ಪಡೆದು ಓಡುವುದೆಂದರೆ ಒಂದು ಮಾತು ಕೊಟ್ಟಂತೆ. ಆ ಮಾತನ್ನು ಉಳಿಸಿಕೊಳ್ಳುವ ಆತುರದಲ್ಲಿ ಮೊದಲ ವಾರವೇ ಶಕ್ತಿಮೀರಿ ಓಡಿ, ಮೂರನೆಯ ವಾರಕ್ಕೆ ಮೊಣಕಾಲು ಹಿಡಿದು ಮನೆಯಲ್ಲಿ ಕೂರುವವರುಂಟು. ಇಂಥವರಿಗೆಂದೇ ಇರುವ ಸುಲಭ ಮಾರ್ಗವೆಂದರೆ ಓಟದ ನಡುನಡುವೆ ನಡಿಗೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟದಲ್ಲಿ ಸ್ಪರ್ಧಿಸಿದ್ದ ಅಮೆರಿಕದ ಜೆಫ್ ಗ್ಯಾಲೋವೆ ಅವರು 1970ರ ದಶಕದಲ್ಲಿ ಹೊಸಬರಿಗೆ ಓಟ ಕಲಿಸುವಾಗ ಈ ಕ್ರಮವನ್ನು ರೂಪಿಸಿ ಪ್ರಸಿದ್ಧಿಗೆ ತಂದರು.

ಇದರ ಮರ್ಮ ಒಂದೇ: ದಣಿಯುವುದಕ್ಕೆ ಮೊದಲೇ ನಡೆಯಬೇಕು. ದಮ್ಮು ಕಟ್ಟಿದ ಮೇಲೆ ನಡೆದರೆ ಆಗಲೇ ಕಾಲ ಮೀರಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ನಡೆಯುವಾಗ ಅದು ತೂಕಕ್ಕಿಂತ ತುಸುವೇ ಹೆಚ್ಚು. ಇದಲ್ಲದೆ ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಶಕ್ತಿಯೂ ಮಿತವಾಗಿ ವ್ಯಯವಾಗುತ್ತದೆ. ಮೊದಲಿಗೇ ರಭಸದಿಂದ ಓಡಿದವರು ಸುಮಾರು 30 ಕಿಲೋಮೀಟರಿನ ಬಳಿ ಕುಸಿಯುವುದು ಈ ಸಂಗ್ರಹ ಬರಿದಾದಾಗಲೇ. ನಡುನಡುವೆ ನಡೆದವರು ಬಹಳ ಹಿಂದೆ ಬೀಳುತ್ತಾರೆಂಬ ಭಯವೂ ಬೇಡ. ಹವ್ಯಾಸಿ ಓಟಗಾರರನ್ನು ಕುರಿತ ಜರ್ಮನಿಯ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ನಡೆದು ಓಡಿದವರಿಗೂ ನಿರಂತರ ಓಡಿದವರಿಗೂ ಸಮಯದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಸ್ನಾಯುನೋವು ಮತ್ತು ಆಯಾಸ ಮಾತ್ರ ನಡೆದವರಲ್ಲಿ ಕಡಿಮೆಯಾಗಿತ್ತು.

ಆರಂಭಿಸುವವರು ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಲಿ. ಅರ್ಧ ಗಂಟೆಯ ಈ ಅಭ್ಯಾಸ ವಾರಕ್ಕೆ ಎರಡು ದಿನ ಸಾಕು. ಪಕ್ಕದವರೊಡನೆ ಮಾತನಾಡುತ್ತ ಓಡಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ತಿಳಿಯಬೇಕು. ದೇಹ ಒಗ್ಗಿದಂತೆ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಬದಲಿಸಿಕೊಳ್ಳಬಹುದು. ವಾರಕ್ಕೊಮ್ಮೆ ದೀರ್ಘ ಅಭ್ಯಾಸವಿರಲಿ. ಅದರ ದೂರ ನಿಧಾನವಾಗಿ ಏರಲಿ, ನಡುವೆ ಒಂದೊಂದು ವಾರ ಇಳಿಯಲಿ. ಅದನ್ನು ಶನಿವಾರ ನಸುಕಿನಲ್ಲಿ ಮುಗಿಸಿದರೆ ಭಾನುವಾರ ಪೂಜೆಗೂ ಮನೆಯವರಿಗೂ ಉಳಿಯುತ್ತದೆ. ಏನೂ ಅಭ್ಯಾಸವಿಲ್ಲದವರು ಮೊದಲ ವರ್ಷ 10 ಕಿಲೋಮೀಟರಿಗೆ ತೃಪ್ತರಾಗಿ, ಪೂರ್ಣ ಮ್ಯಾರಥಾನನ್ನು ಮುಂದಿನ ವರ್ಷಗಳಿಗೆ ಬಿಡುವುದು ಲೇಸು.

ಕೆಲವು ಎಚ್ಚರಿಕೆಗಳೂ ಅಗತ್ಯ. ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಹೃದ್ರೋಗವುಳ್ಳವರು ವೈದ್ಯರ ಸಲಹೆಯಿಲ್ಲದೆ ಆರಂಭಿಸಬಾರದು. ಎದೆನೋವು ಅಥವಾ ತಲೆಸುತ್ತು ಬಂದರೆ ಅಲ್ಲಿಯೇ ನಿಲ್ಲಬೇಕು. ಕರಾವಳಿಯ ಸೆಕೆಯಲ್ಲಿ ನಡಿಗೆಯ ಭಾಗವನ್ನು ಇನ್ನಷ್ಟು ಹೆಚ್ಚಿಸಬೇಕು. ಬಾಯಾರಿಕೆ ಮೀರಿ ಬರಿಯ ನೀರನ್ನೇ ಕುಡಿದರೆ ರಕ್ತದಲ್ಲಿನ ಉಪ್ಪಿನಂಶ ಕುಗ್ಗಿ ಅಪಾಯವಾದೀತು.

ಓಟದ ದಿನ ಜನರ ಜಯಘೋಷ ಕೇಳುತ್ತಿರುವಾಗ, ಕಾಲುಗಳು ಇನ್ನೂ ಹೊಸದಾಗಿರುವಾಗ, ಎಲ್ಲರೂ ಮುಂದೆ ಸಾಗುತ್ತಿರುವಾಗ ನಡೆಯುವುದೇ ಕಠಿಣ. ಅಲ್ಲಿ ಬೇಕಾದದ್ದು ಕಾಲಿನ ಬಲಕ್ಕಿಂತ ಮನಸ್ಸಿನ ವಿನಯ. ಎಷ್ಟು ಗಂಟೆಯಲ್ಲಿ ಮುಗಿಸಿದಿರೆಂದು ನೆರವು ಪಡೆದ ರೋಗಿ ಕೇಳುವುದಿಲ್ಲ. ನಾಲ್ಕು ಗಂಟೆಯಲ್ಲಿ ಓಡಿದವರು ತಂದ ರೂಪಾಯಿಗೂ ಆರು ಗಂಟೆಯಲ್ಲಿ ನಡೆದು ಓಡಿದವರು ತಂದ ರೂಪಾಯಿಗೂ ಔಷಧದಂಗಡಿಯಲ್ಲಿ ಬೆಲೆ ಒಂದೇ. ಆರೋಗ್ಯವಾಗಿ ಗುರಿ ತಲುಪಿದವರು ಬರುವ ವರ್ಷವೂ ಇನ್ನೊಬ್ಬರಿಗಾಗಿ ಓಡಬಲ್ಲರು.