ಲಾಟರಿಯ ಹಣ ಬಡವರಿಗೆ ಹೋದರೆ ತಪ್ಪೇನು?



ಜೂಜಿನ ಕುರಿತು ಜುಮಾ ಖುತ್ಬಾದಲ್ಲಿ ಮಾತನಾಡಿದ ದಿನ, ನಮಾಝಿನ ಬಳಿಕ ಯುವಕನೊಬ್ಬ ನಮ್ಮ ಬಳಿ ಬಂದ. “ಹಜರತ್, ಓಸಿ ಹರಾಮ್ ಅನ್ನೋದು ಖರೆ. ಆದ್ರ ಕೇರಳದ ಲಾಟರಿ ಸರ್ಕಾರದ್ದು. ಅದರ ರೊಕ್ಕ ಬಡವರ ದವಾಖಾನಿ ಖರ್ಚಿಗೆ ಹೋಗತೈತಿ. ಅದೂ ತಪ್ಪೇನ್ರಿ?” ಎಂದು ಕೇಳಿದ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಇರಬಹುದೆಂದು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಲಾಟರಿಯ ಲೆಕ್ಕ ನೋಡೋಣ. ಕೇರಳ ಸರ್ಕಾರ 1967ರಲ್ಲಿ ಲಾಟರಿ ಆರಂಭಿಸಿತು. 2024ರ ಓಣಂ ಬಂಪರ್ ಟಿಕೆಟಿನ ಬೆಲೆ 500 ರೂ., ಮೊದಲ ಬಹುಮಾನ 25 ಕೋಟಿ. ಅದು ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಾಗ ನಮ್ಮಲ್ಲೂ ಆಸೆ ಹುಟ್ಟಿದವರಿದ್ದಾರೆ. ಆದರೆ ಮಾರಾಟವಾದ ಟಿಕೆಟುಗಳು 70 ಲಕ್ಷಕ್ಕೂ ಹೆಚ್ಚು. ನಮ್ಮ ಉತ್ತರ ಕನ್ನಡದ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 14 ಲಕ್ಷ. ಇಂಥ ಐದು ಜಿಲ್ಲೆಗಳ ಎಲ್ಲರ ಹೆಸರು ಬರೆದು ಒಂದೇ ಚೀಟಿ ಎತ್ತಿದಂತೆ! ಗೆದ್ದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಕಳೆದುಕೊಂಡ ಲಕ್ಷಾಂತರ ಜನರದ್ದು ಬರುವುದಿಲ್ಲ.

ಓಸಿ, ಮಟ್ಕಾದ ಲೆಕ್ಕವೂ ಇದೇ. 00ರಿಂದ 99ರವರೆಗೆ 100 ನಂಬರುಗಳು. ರೂಪಾಯಿಗೆ 80 ಕೊಡುತ್ತಾರೆ ಎಂದಿಟ್ಟುಕೊಳ್ಳಿ. ನೂರು ಜನ ಒಂದೊಂದು ನಂಬರಿಗೆ 10 ರೂ. ಹಚ್ಚಿದರೆ 1000 ರೂ. ಆಯಿತು. ಗೆದ್ದವನಿಗೆ 800, ಬರೆದುಕೊಳ್ಳುವವನಿಗೆ 200. ಐದು ದಿನ ಹೀಗೆ ನಡೆದರೆ ಒಂದು ದಿನದ ಪೂರ್ತಿ ಹಣ ಅವನದು. ಇಲ್ಲಿ ತಪ್ಪದೆ ಗೆಲ್ಲುವವನು ಅವನೊಬ್ಬನೇ.

ಈಗ ಯುವಕನ ಪ್ರಶ್ನೆಗೆ ಬರೋಣ. ಅಜ್ಞಾನಕಾಲದ ಅರಬರು ಒಂಟೆ ಕೊಯ್ದು, ಚೀಲದಿಂದ ಹತ್ತು ಬಾಣಗಳನ್ನು ಎತ್ತಿ ಜೂಜಾಡುತ್ತಿದ್ದರು. ಏಳು ಬಾಣಗಳಿಗೆ ಪಾಲು, ಮೂರು ಖಾಲಿ. ಸೋತವರು ಒಂಟೆಯ ಬೆಲೆ ತೆರಬೇಕಿತ್ತು. ಗೆದ್ದವರು ಮಾಂಸವನ್ನು ಬಡವರಿಗೆ ಹಂಚಿ ಹೆಮ್ಮೆಪಡುತ್ತಿದ್ದರು ಎಂದು ತಫ್ಸೀರ್ ವಿದ್ವಾಂಸರು ಬರೆದಿದ್ದಾರೆ. ಇದೇ ಮೈಸಿರ್. ಅಂದರೆ ಬಡವರ ಹೆಸರಿನ ಜೂಜು ಹೊಸದೇನಲ್ಲ. ಸೂರಃ ಅಲ್ ಬಕರಃದ 219ನೇ ವಚನವು ಇದರಲ್ಲಿ ಜನರಿಗೆ ಒಂದಿಷ್ಟು ಲಾಭವಿದೆ ಎಂಬುದನ್ನು ಅಲ್ಲಗಳೆಯಲಿಲ್ಲ. ಆದರೆ ಪಾಪವೇ ದೊಡ್ಡದು ಎಂದಿತು. ಸೂರಃ ಅಲ್ ಮಾಇದಃದ 90-91ನೇ ವಚನಗಳು ಅದನ್ನು ಸಂಪೂರ್ಣ ದೂರವಿಡಲು ಆಜ್ಞಾಪಿಸಿದವು.

ಯೋಚಿಸಿ ನೋಡಿ: ಲಾಟರಿಯಲ್ಲಿ ಒಬ್ಬ ಬಡವನ ಆಸ್ಪತ್ರೆ ಖರ್ಚಿಗಾಗಿ ಇನ್ನೊಬ್ಬ ಬಡವ ಆಸೆಗೆ ಬಿದ್ದು ಹಣ ಕಳೆದುಕೊಳ್ಳುತ್ತಾನೆ. ಝಕಾತ್‌ನಲ್ಲಿ ಉಳ್ಳವನು ಅರಿತು ಕೊಡುತ್ತಾನೆ, ಯಾರೂ ಸೋಲುವುದಿಲ್ಲ. ಕರ್ನಾಟಕವೂ 2007ರಲ್ಲಿ ಲಾಟರಿ ನಿಷೇಧಿಸಿತು.

ಹಾಗಾದರೆ ಚೀಟಿ ಎತ್ತುವುದೇ ತಪ್ಪೇ? ಅಲ್ಲ. ಪ್ರಯಾಣಕ್ಕೆ ಪತ್ನಿಯರಲ್ಲಿ ಯಾರು ಜೊತೆಗೆ ಬರಬೇಕೆಂದು ಪ್ರವಾದಿ(ಸ)ರು ಚೀಟಿ ಎತ್ತುತ್ತಿದ್ದರು. ಅದರಲ್ಲಿ ಯಾರ ಹಣವೂ ಹೋಗುವುದಿಲ್ಲ. ಹೆಂಗಸರು ಸಮನಾಗಿ ಹಣ ಹಾಕಿ, ಸರದಿಯಂತೆ ಎಲ್ಲರೂ ಪೂರ್ತಿ ಪಡೆಯುವ ಚೀಟಿಯೂ ಜೂಜಲ್ಲ.

ಮಗಳ ಮದುವೆಗೆ ಕೂಡಿಟ್ಟದ್ದನ್ನು ಗಂಡ ಓಸಿಗೆ ಹಚ್ಚಿದನೆಂದು ಅತ್ತ ತಾಯಿಯನ್ನು ನಾವು ಕಂಡಿದ್ದೇವೆ. ಅಂಥವರನ್ನು ಹೀಯಾಳಿಸಬೇಡಿ, ಸಾಲ ಮುಚ್ಚಿಡದೆ ಜಮಾಅತಿನ ಹಿರಿಯರ ಬಳಿ ಬರಲಿ. ‘ಬಾ, ಜೂಜಾಡೋಣ’ ಎಂದು ಬರೀ ಬಾಯಲ್ಲಿ ಅಂದವನಿಗೂ ಸದಕಾ ಕೊಡಲು ಪ್ರವಾದಿ(ಸ)ರು ಹೇಳಿದ್ದಾರೆ. ಇಂದು ನಂಬರಿಗೆ ಹಚ್ಚಬೇಕೆಂದಿದ್ದ ಹತ್ತು ರೂಪಾಯಿ ಸದಕಾ ಆಗಲಿ, ಅಲ್ಲಿಂದಲೇ ತೌಬಾ ಶುರುವಾಗಲಿ. ಅಲ್ಲಾಹನು ನಮ್ಮೆಲ್ಲರಿಗೂ ಹಲಾಲ್ ಅನ್ನವನ್ನೂ ಅದರಲ್ಲಿ ಬರ್ಕತ್ತನ್ನೂ ಕರುಣಿಸಲಿ. ಆಮೀನ್.